ಬಲೆಗೆ ಬಾಯಿ ಹಾಕುವ ಸೀಲ್

ಮಾರ್ಕೋನಹಳ್ಳಿ ಜಲಾಶಯದಲ್ಲಿ ರಾತ್ರಿಯಿಡೀ ಬಿಟ್ಟ ಬಲೆಯಲ್ಲಿ ಆಮೆ ಕಚ್ಚಿದ ಕಾಟ್ಲಾ ಸಿಕ್ಕರೆ ಹೊಟ್ಟೆ ಉರಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಸಾಲ್ಮನ್ ಹಿಡಿಯುವವರಿಗೂ ಇದೇ ಸಂಕಟ. ಅಲ್ಲಿ ಬಾಯಿ ಹಾಕುವುದು ಹಾರ್ಬರ್ ಸೀಲ್ ಎಂಬ ಕಡಲ ಸಸ್ತನಿ. ಇಳಿತದಲ್ಲಿ ಬಂಡೆ, ಮರಳುದಿಬ್ಬಗಳ ಮೇಲೆ ಮಲಗಿ, ಉಬ್ಬರ ಏರಿದಾಗ ಬೇಟೆಗೆ ಇಳಿಯುತ್ತದೆ. ಕತ್ತಲಲ್ಲೂ ಮೀಸೆಯಿಂದಲೇ ಮೀನು ಈಜಿಹೋದ ಜಾಡು ಹಿಡಿಯಬಲ್ಲದು, ಎಂಥ ಸೋಜಿಗ! ಬಲೆಯಲ್ಲಿ ಒದ್ದಾಡುವ ಮೀನಂತೂ ಸುಲಭದ ತುತ್ತು.

ಸದ್ದು ಮಾಡುವ ಯಂತ್ರ ಇಟ್ಟರೆ ಮೊದಮೊದಲು ಹೆದರುತ್ತದೆ. ಆಮೇಲೆ ಸದ್ದಿದ್ದಲ್ಲಿ ಮೀನಿದೆ ಎಂದು ಕಲಿತು ಅಲ್ಲಿಗೇ ಬರುವುದುಂಟು. ಬಲೆಯನ್ನು ಬೇಗ ಬೇಗ ಎಳೆಯುವುದೇ ವಾಸಿ. ಅದು ಸೀಲ್‌ಗೂ ಒಳ್ಳೆಯದು: ಬಲೆಗೆ ಸಿಕ್ಕಿ ಉಸಿರಿಗೆ ಮೇಲೆ ಬರಲಾಗದಿದ್ದರೆ ಮುಳುಗಿ ಸಾಯುತ್ತದೆ. ಹಿಂದೆ ಅಲ್ಲಿ ಸೀಲ್ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. 1972ರ ಕಡಲ ಸಸ್ತನಿ ರಕ್ಷಣಾ ಕಾಯ್ದೆ ಅವುಗಳಿಗೆ ರಕ್ಷಣೆ ಕೊಟ್ಟಿತು, ಸರಿಯಾದ ಕೆಲಸವೇ.