ಪ್ರೀತಿಯ ಜೊತೆ ಒಂಚೂರು ಭಯ
ಬರೀ ಪ್ರೇಮಕಥೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ, ಅಲ್ವಾ? ಪ್ರೀತಿಗೆ ಸಸ್ಪೆನ್ಸ್ ಬೆರೆತರೆ ಮಾತ್ರ ಪುಸ್ತಕ ಕೆಳಗಿಡೋಕೆ ಮನಸ್ಸಾಗುವುದಿಲ್ಲ.

ಡಾಫ್ನಿ ಡು ಮೊರಿಯೆ 1938ರಲ್ಲಿ ಬರೆದ ‘ರೆಬೆಕಾ’ ಕಾದಂಬರಿ ಮತ್ತೆ ಓದಿದೆ. ಕಥೆ ಹೇಳುವ ಹುಡುಗಿಯ ಹೆಸರು ಕೊನೆಯವರೆಗೂ ಗೊತ್ತಾಗುವುದಿಲ್ಲ. ಅವಳ ಗಂಡನ ತೀರಿಕೊಂಡ ಮೊದಲ ಹೆಂಡತಿ ರೆಬೆಕಾಳ ಹೆಸರೋ, ಎಲ್ಲೆಲ್ಲೂ. ಮದುವೆಗೆ ಮುಂಚೆ ಅವನು ಓದಲು ಕೊಟ್ಟ ಕವನದ ಪುಸ್ತಕದಲ್ಲೂ ಅವಳದೇ ಕೈಬರಹ, ಎತ್ತರಕ್ಕೆ ವಾಲಿ ನಿಂತ ‘ಆರ್’ ಅಕ್ಷರ. ಈ ಹುಡುಗಿ ಆ ಹಾಳೆ ಹರಿದು ಸುಟ್ಟುಬಿಡುತ್ತಾಳೆ. ಕತ್ತಿ, ರಕ್ತ ಏನೂ ಇಲ್ಲ, ಆದರೂ ನನಗೆ ಎದೆ ಡವಡವ.

ನಾವು ಪ್ರೀತಿಸುವವರ ಹಳೆಯ ಬದುಕು ನಮಗೆ ಎಷ್ಟು ಗೊತ್ತಿರುತ್ತದೆ?

ಓದಿದವರಿದ್ದರೆ ಹೇಳಿ, ಆ ಗಂಡನ ಮನೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್ ಬಗ್ಗೆ ಮಾತಾಡೋದು ತುಂಬಾ ಇದೆ.