ಕಣ್ಣಿಗೆ ಕಾಣದ ಎರಡು ಸ್ಪೇಸು, ಗದ್ಯವಾದ ಷಟ್ಪದಿ
ಹಳೇ ಕಾವ್ಯಗಳನ್ನ ಇ-ಬುಕ್ ಮಾಡೋ ಟೀಮು ನಮ್ದು. ಟೆಕ್ಸ್ಟೆಲ್ಲ ಮಾರ್ಕ್‌ಡೌನ್ (ಸಾದಾ ಅಕ್ಷರದಲ್ಲೇ ಗುರುತು ಹಾಕಿ ಬರೆಯೋ ಪದ್ಧತಿ), ಪ್ಯಾಂಡಾಕ್ ಅನ್ನೋ ಪರಿವರ್ತಕ ಓಡಿಸಿದ್ರೆ ಇಪಬ್ ಅನ್ನೋ ಇ-ಬುಕ್ ಫೈಲು, ಮಧ್ಯೆ ಬದಲಾವಣೆಗಳ ಲೆಕ್ಕ ಇಡೋ ಗಿಟ್ಟು, ಬದಲಾವಣೆ ಸೇರಿಸಿ ಅಂತ ಕೇಳೋ ಪುಲ್ ರಿಕ್ವೆಸ್ಟು, ರಿವ್ಯೂ. ಕುಮಾರವ್ಯಾಸನ ಆಯ್ದ ಪದ್ಯಗಳ ಪುಸ್ತಕ ಅಪ್‌ಲೋಡ್ ಆಗ್ಬೇಕಿದ್ದ ಸಂಜೆ ಪ್ರೂಫ್ ನೋಡೋ ಮೇಷ್ಟ್ರು ಫೋನ್ ಮಾಡಿದ್ರು, "ಏನ್ರೀ, ಭಾಮಿನಿ ಷಟ್ಪದೀನ ಗದ್ಯ ಮಾಡಿ ಕೂರ್ಸಿದೀರಲ್ಲ?"

ತೆಗೆದು ನೋಡಿದ್ರೆ ಹೌದು, ಆರು ಸಾಲಿನ ಪದ್ಯ ಒಂದೇ ಪ್ಯಾರಾ ಆಗಿ ಬಿದ್ದಿದೆ, ಪ್ರತಿ ಪದ್ಯವೂ. ನಂಗೆ ತಕ್ಷಣ ಅನುಮಾನ ಬಂದಿದ್ದು ಪುಟದ ರೂಪ ನಿರ್ಧರಿಸೋ ಸಿಎಸ್‌ಎಸ್ ಮೇಲೆ, ಯಾಕಂದ್ರೆ ಡಿಸೈನರ್ ಹುಡುಗ ಸ್ವಲ್ಪ ದಿನದ ಹಿಂದೆ ಬ್ಲಾಕ್‌ಕೋಟ್ (ಉದ್ಧರಣೆ) ಸ್ಟೈಲ್ ಮುಟ್ಟಿದ್ದ, ಸರಿ ಅವನನ್ನ ಕೂರಿಸ್ಕೊಂಡು ಒಂದೊಂದೇ ರೂಲ್ ಕಿತ್ತು ಬಿಲ್ಡ್ ಮಾಡೋದು, ನೋಡೋದು, ಮತ್ತೆ ಕೀಳೋದು. ಅವನು "ನಂದಲ್ಲ ಸಾರ್" ಅಂತಾನೇ ಇದ್ದ. ಅಷ್ಟರಲ್ಲಿ ಮೇಷ್ಟ್ರು ಮತ್ತೆ ಲೈನಲ್ಲಿ: "ಮೂರನೇದು ಆರನೇದ್ರಲ್ಲಿ 23 ಮಾತ್ರೆ, ಮಿಕ್ಕಿದ್ರಲ್ಲಿ 14, ಸಾಲೇ ಇಲ್ಲ ಅಂದ್ಮೇಲೆ ಓದೋನು ಎಲ್ಲಿ ನಿಲ್ಲಿಸ್ತಾನೆ? ಪ್ರಾಸ ಇರೋದು ಸಾಲಿನ ಎರಡನೇ ಅಕ್ಷರದಲ್ಲಿ ಕಣ್ರೀ, ಕೊನೇಲಲ್ಲ." ಹೂಂ ಸಾರ್ ಹೂಂ ಸಾರ್ ಅನ್ನೋದು ಬಿಟ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಇಪಬ್ ಬಿಚ್ಚಿ ಎಚ್‌ಟಿಎಂಎಲ್ ನೋಡಿದ್ಮೇಲೆ ಗೊತ್ತಾಯ್ತು, ಅದರಲ್ಲಿ ಸಾಲು ಮುರಿಯೋ ಬಿಆರ್ ಟ್ಯಾಗೇ ಇಲ್ಲ. ಮಾರ್ಕ್‌ಡೌನ್ ಫೈಲಲ್ಲಿ ಮಾತ್ರ ಸಾಲುಗಳು ನೀಟಾಗಿ ಬೇರೆ ಬೇರೆ ಕಾಣ್ತಿವೆ, ಹೊಟ್ಟೆ ಉರಿಯೋದೇ ಅಲ್ಲಿ. 2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ಮಾಡ್ದಾಗಿಂದ ಇರೋ ರೂಲು: ಸಾಲು ಮುರೀಬೇಕಂದ್ರೆ ಕೊನೇಲಿ ಎರಡು ಸ್ಪೇಸ್ ಹಾಕು. ಬರೀ ಎಂಟರ್ ಹೊಡೆದ್ರೆ ಅದು ಒಂದು ಖಾಲಿ ಜಾಗ ಅಷ್ಟೇ. ಮ್ಯಾನೇಜರ್ ಸಾಹೇಬ್ರು ಎಲ್ಲಾ ಪ್ರಾಜೆಕ್ಟಿಗೂ ಒಂದೇ ಕಾನ್ಫಿಗ್ ಇರ್ಲಿ ಅಂತ ಪ್ರಿ-ಕಮಿಟ್ (ಗಿಟ್ಟಿಗೆ ಸೇರೋ ಮುಂಚೆ ಫೈಲ್ ತಪಾಸಣೆ ಮಾಡೋ ಟೂಲು) ತಂದು ಕೂರಿಸಿದ್ರು, ಅದರಲ್ಲಿ ಸಾಲಿನ ಕೊನೇ ಖಾಲಿ ಜಾಗ ಅಳಿಸೋ ಟ್ರೇಲಿಂಗ್ ವೈಟ್‌ಸ್ಪೇಸ್ ಹುಕ್ಕು ಅಷ್ಟೂ ಸ್ಪೇಸನ್ನ ಗುಡಿಸಿ ಹಾಕಿತ್ತು. ಮಾರ್ಕ್‌ಡೌನ್ ಫೈಲಿನ ಸಾಲುಗಳನ್ನ ಉಳಿಸೋ ಆಪ್ಷನ್ ಆ ಹುಕ್ಕಲ್ಲೇ ಇದೆ, ಯಾರೂ ಹಾಕಿರ್ಲಿಲ್ಲ. "ಕ್ಲೀನಪ್" ಅನ್ನೋ ಆ ಕಮಿಟ್ಟಿಗೆ (ಗಿಟ್ಟಲ್ಲಿ ದಾಖಲಾದ ಬದಲಾವಣೆಗೆ) ಅಪ್ರೂವ್ ಒತ್ತಿದ್ದು ನಾನೇ. ರಿವ್ಯೂನಲ್ಲಿ ಖಾಲಿ ಜಾಗದ ಬದಲಾವಣೆ ಮರೆಮಾಡೋ ಹೈಡ್ ವೈಟ್‌ಸ್ಪೇಸ್ ಆನ್ ಇಟ್ಕೊಂಡಿದ್ದೆ, ಬದಲಾವಣೆ ತೋರಿಸೋ ಡಿಫ್ ಖಾಲಿ ಕಾಣಿಸ್ತು, ಏನೂ ಬದಲಾಗಿಲ್ವಲ್ಲ ಅಂತ ಒತ್ತಿಬಿಟ್ಟೆ. ಡಿಸೈನರ್ ಹುಡುಗ ಒಂದ್ಸಲ ನನ್ನ ಮುಖ ನೋಡಿ ಕಾಫಿಗೆ ಹೋದ.

ರಿವರ್ಟ್ ಮಾಡಿ ಆ ಬದಲಾವಣೆ ವಾಪಸ್ ತೆಗೆಯೋಣ ಅಂದ್ರೆ ಅದರ ಮೇಲೆ ಅಕ್ಷರ ತಿದ್ದಿರೋ ಕಮಿಟ್‌ಗಳು, ಕಾನ್‌ಫ್ಲಿಕ್ಟ್ ಸುರಿಮಳೆ. ಒಬ್ಬರು "ಮುಂದೆ ನಾಲ್ಕು ಸ್ಪೇಸ್ ಕೊಡಿ, ಹೆಂಗಿದೆಯೋ ಹಂಗೇ ಬರುತ್ತೆ" ಅಂದ್ರು. ಬಂತು, ಕೋಡ್ ಬ್ಲಾಕಾಗಿ, ಮೊಬೈಲಲ್ಲಿ ಉದ್ದದ ಸಾಲು ಪರದೆ ಆಚೆ ಹೋಯ್ತು. ಸಾಲಿನ ಕೊನೇಲಿ ಬ್ಯಾಕ್‌ಸ್ಲ್ಯಾಷ್ ಹಾಕಿದ್ರೂ ನಡೆಯುತ್ತೆ, ಮಾರ್ಕ್‌ಡೌನಿನ ಕಾಮನ್‌ಮಾರ್ಕ್ ಅನ್ನೋ ಸ್ಟಾಂಡರ್ಡಲ್ಲೂ ಪ್ಯಾಂಡಾಕಲ್ಲೂ, ಕಣ್ಣಿಗಾದ್ರೂ ಕಾಣುತ್ತೆ. ಆದ್ರೆ ಮುದ್ರಿತ ಪ್ರತೀಲಿ ಒಳಕ್ಕೆ ಸರಿಸಿದ್ದ ಸಾಲುಗಳು ಅದರಲ್ಲಿ ಎಡಕ್ಕೆ ಅಂಟ್ಕೊಳ್ತವೆ. ಕೊನೆಗೆ ಪ್ಯಾಂಡಾಕಿನ ಲೈನ್ ಬ್ಲಾಕ್: ಪ್ರತಿ ಸಾಲಿನ ಮುಂದೆ ಒಂದು ಪೈಪು (|), ಒಂದು ಸ್ಪೇಸು. ಸಾಲೂ ಉಳಿಯುತ್ತೆ, ಮುಂದಿನ ಖಾಲಿ ಜಾಗವೂ ಉಳಿಯುತ್ತೆ, ಯಾವ ಹುಕ್ಕೂ ಗುಡಿಸೋಕಾಗಲ್ಲ. ಸ್ಕ್ರಿಪ್ಟ್ ಬರೆದು ಪೈಪ್ ಸೇರಿಸಿ ಮೇಷ್ಟ್ರಿಗೆ ಕಳ್ಸಿದ್ವಿ, ಮೂರು ಕಾಗುಣಿತ ತಪ್ಪು ಹಿಡಿದು ವಾಪಸ್ ಕಳ್ಸಿದ್ರು, ಸಾಲಿನ ಮಾತೇ ಎತ್ತಲಿಲ್ಲ, ಅಂದ್ರೆ ಪಾಸು.

ಮಾರನೇ ದಿನ ನಮ್ಮ ಫೈಲುಗಳಿರೋ ಗಿಟ್‌ಹಬ್ ಸೈಟ್ ನೋಡಿ ಮ್ಯಾನೇಜರ್ ಕೇಳಿದ್ದು, "ಗಿಟ್‌ಹಬ್ ಪ್ರಿವ್ಯೂನಲ್ಲಿ ಇದೇನಪ್ಪ ಕಡ್ಡಿ ಕಡ್ಡಿ ಕಾಣುತ್ತೆ?" ಲೈನ್ ಬ್ಲಾಕ್ ಗಿಟ್‌ಹಬ್ಬಿಗೆ ಅರ್ಥ ಆಗಲ್ಲ ಸಾರ್, ಓದುಗರು ನೋಡೋದು ಇಪಬ್ಬು ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ. ಕವಿ ಹೆಸರಿನ ಗಲಾಟೆ ಇನ್ನೂ ಹಂಗೇ ಇದೆ: ಬ್ಲಾಕ್‌ಕೋಟಲ್ಲಿ ಹೆಸರಿಗೆ ಅಂತ ಜಾಗಾನೇ ಇಲ್ಲ, ಟೈಪಿಸ್ಟ್‌ಗಳು ಉದ್ಧರಣೆ ಕೆಳಗೆ ಹೈಫನ್ ಹಾಕಿ ಹೆಸರು ಬರೀತಾರೆ, ಪ್ರಿವ್ಯೂನಲ್ಲಿ ಅದು ಬುಲೆಟ್ ಪಾಯಿಂಟು, ಪ್ಯಾಂಡಾಕಲ್ಲಿ ಕೊನೇ ಸಾಲಿನ ಬಾಲ. ಆಸ್ಕಿಡಾಕ್ ಅನ್ನೋ ಇನ್ನೊಂದು ಬರಹದ ಪದ್ಧತೀಲಿ ಪದ್ಯಕ್ಕಂತ ಇರೋ ವರ್ಸ್ ಬ್ಲಾಕಿಗೆ ಕವಿ ಹೆಸರು, ಕೃತಿ ಹೆಸರು ಎರಡಕ್ಕೂ ಜಾಗ ಇದೆ, ಅದಕ್ಕೆ ಹೋಗೋಣ ಅಂತ ಮೇಲ್ ಹಾಕಿದೀನಿ. ಮುಂದಿನ ಕ್ವಾರ್ಟರ್ ನೋಡೋಣ ಅಂತ ಉತ್ತರ ಬಂದಿದೆ.