ಚಿಕ್ಕ ಕೈಗೆ ಮೌಸ್ ನೋಡುವ ದಿನ

ಗೇಮಿಂಗ್ ಮೌಸ್‌ನ ಡಬ್ಬದ ಮೇಲೆ ಎದ್ದು ಕಾಣುವುದು ಗ್ರಾಂ ಲೆಕ್ಕ. ಚಿಕ್ಕ ಕೈಯವರು ಎಡವುವುದು ಅಲ್ಲೇ. ರೇಜರ್ ವೈಪರ್ ಮಿನಿ 61 ಗ್ರಾಂ, ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 63 ಗ್ರಾಂ ಒಳಗೆ. ತೂಕದಲ್ಲಿ ಅಣ್ಣತಮ್ಮಂದಿರು. ಆದರೆ ಉದ್ದ ಒಂದಕ್ಕೆ 118.3 ಮಿ.ಮೀ., ಇನ್ನೊಂದಕ್ಕೆ 125. ಅಗಲದ ಅಂಕಿಗಳನ್ನು ಹಾಗೆ ನೇರವಾಗಿ ಹೋಲಿಸಲೂ ಬಾರದು: ಒಬ್ಬರು ಬೆರಳು ಹಿಡಿಯುವ ಜಾಗದ ಅಗಲ ಬರೆದರೆ, ಇನ್ನೊಬ್ಬರು ಎಲ್ಲಿ ಅತಿ ಅಗಲವೋ ಅಲ್ಲಿಯದನ್ನು ಬರೆಯುತ್ತಾರೆ.

ಹಾಗಾಗಿ ಬೆಳಗ್ಗೆ ಮೊದಲು ಅಳೆಯಬೇಕಾದದ್ದು ಮೌಸ್ ಅಲ್ಲ, ಕೈ. ಗೇಣು ಹಾಕಿ ನೋಡಿದರೆ ಪ್ರಯೋಜನವಿಲ್ಲ. ನಡುಬೆರಳ ತುದಿಯಿಂದ ಮಣಿಕಟ್ಟಿನ ಮೊದಲ ಗೆರೆಯವರೆಗೆ ಸ್ಕೇಲ್ ಇಡಿ. 17 ಸೆಂ.ಮೀ.ಗಿಂತ ಕಡಿಮೆ ಬಂದರೆ ಚಿಕ್ಕ ಕೈ ಎಂದೇ ಲೆಕ್ಕ. ಅದರ ಶೇ. 60ರಷ್ಟು ಉದ್ದದ ಮೌಸ್ ಹೊಂದುತ್ತದೆ ಎಂಬುದೊಂದು ರೂಢಿಯ ಲೆಕ್ಕಾಚಾರ, 17 ಸೆಂ.ಮೀ.ಗೆ 102 ಮಿ.ಮೀ. ಆಯಿತು. ಅಷ್ಟು ಗಿಡ್ಡ ಮೌಸ್‌ಗಳು ಮಾರುಕಟ್ಟೆಯಲ್ಲಿ ಅಪರೂಪ, ಆದ್ದರಿಂದ ಇದನ್ನು ವೇದವಾಕ್ಯ ಮಾಡಿಕೊಳ್ಳುವುದು ಬೇಡ. ಅಂಗೈಯನ್ನು ಪೂರ್ತಿ ಒರಗಿಸುವವರಿಗೆ ಉದ್ದಕ್ಕಿಂತ ಬೆನ್ನಿನ ಉಬ್ಬು ಮುಖ್ಯ. ಬೆರಳ ತುದಿಯಲ್ಲೇ ಹಿಡಿಯುವವರಿಗೆ ಉಬ್ಬು ತಾಗುವುದೇ ಇಲ್ಲ. ಅವರು ನೋಡಬೇಕಾದದ್ದು ಅಗಲ.

ಕೈ ಇಟ್ಟ ಮೇಲೆ ಎರಡು ಸಂಗತಿ ನೋಡಿ. ಹೆಬ್ಬೆರಳನ್ನು ಹಿಡಿದ ಜಾಗದಿಂದ ಜಾರಿಸದೆ, ಬರೀ ತುದಿ ಎತ್ತಿ ಪಕ್ಕದ ಮುಂದಿನ ಬಟನ್ ಒತ್ತಲು ಆಗಬೇಕು. ಚಿಕ್ಕ ಕೈಗೆ ಹಿಂದಿನದು ಸಿಗುತ್ತದೆ, ಮುಂದಿನದು ಅರ್ಧ ಬೆರಳು ದೂರ ಉಳಿಯುತ್ತದೆ. ಎರಡನೆಯದು ಕಿರುಬೆರಳು. ಅದು ಮೌಸ್‌ನ ಗೋಡೆಗೆ ಒರಗಿದೆಯೋ, ಚಾಪೆಯ (ಮೌಸ್‌ಪ್ಯಾಡ್) ಮೇಲೆ ಎಳೆದಾಡುತ್ತಿದೆಯೋ? ಎಳೆದಾಡುತ್ತಿದ್ದರೆ ಬೆವರಿಗೆ ಬಟ್ಟೆ ಅಂಟಿ ಗುರಿ ತಡವರಿಸುತ್ತದೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಬಟ್ಟೆ ಚಾಪೆ ತೇವ ಹೀರಿ ತಾನೇ ನಿಧಾನವಾಗುತ್ತದೆ, ಆಗ ಇದು ಇನ್ನೂ ಹೆಚ್ಚು.

ತೂಕವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಬಹುದು. ವೈರ್ ಇದ್ದರೆ ಅದು ತಟ್ಟೆಗೆ ಭಾರ ಹಾಕದಂತೆ ಮೇಲಕ್ಕೆ ಹಿಡಿದಿರಿ. ಆದರೆ ಒಟ್ಟು ತೂಕಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ಹೆಚ್ಚು ಹೇಳುತ್ತದೆ. ಆಡುವಾಗ ಹಿಡಿಯುವ ಜಾಗದಲ್ಲೇ ಹೆಬ್ಬೆರಳು, ಉಂಗುರ ಬೆರಳಿಂದ ಹಗುರವಾಗಿ ಎತ್ತಿ. ಮೌಸ್‌ನ ಬಾಲ, ಅಂದರೆ ಹಿಂಭಾಗ, ಕೆಳಗೆ ಬಿತ್ತೇ? ಹಾಗಾದರೆ ಭಾರ ಹಿಂದೆ ಕೂತಿದೆ. ವೆಲೊರಂಟ್ ಎಂಬ ಶೂಟಿಂಗ್ ಆಟದಲ್ಲಿ 800 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಣಿಸುವ ಹೆಜ್ಜೆಗಳು), ಆಟದೊಳಗಿನ ವೇಗ ಅಂದರೆ ಸೆನ್ಸಿಟಿವಿಟಿ 0.35 ಇಟ್ಟವರಿಗೆ ಒಂದು ಪೂರ್ತಿ ಸುತ್ತು ತಿರುಗಲು ಸುಮಾರು 47 ಸೆಂ.ಮೀ. ಬೇಕು. ಮಣಿಕಟ್ಟಿನಿಂದ ಆಡುವ ಚಿಕ್ಕ ಕೈ ಮತ್ತೆ ಮತ್ತೆ ಎತ್ತಿಡಲೇಬೇಕು, ಬಾಲ ಪ್ರತಿ ಸಲ ಚಾಪೆಗೆ ಉಜ್ಜುತ್ತದೆ. ಸೆಲ್ ಹಾಕುವ ಮೌಸ್ ಆದರೆ ಮದ್ದು ಸುಲಭ: ಮಾಮೂಲಿ ಎಎ ಸೆಲ್ ಸುಮಾರು 23 ಗ್ರಾಂ, ಲಿಥಿಯಂನದು 15. ಎಂಟು ಗ್ರಾಂ ಅಲ್ಲೇ ಇಳಿಯಿತು.

ಎತ್ತಿದಾಗ ಸೆನ್ಸರ್ ಎಷ್ಟು ಬೇಗ ಸುಮ್ಮನಾಗುತ್ತದೆ ಎಂದು ತಿಳಿಯಲು ಎರಡು ಹಳೆ ಸಿಡಿ ಸಾಕು. ಒಂದು ಸಿಡಿ 1.2 ಮಿ.ಮೀ. ದಪ್ಪ. ಎರಡರ ನಡುವೆ ಸಂದು ಬಿಟ್ಟು, ಮೌಸ್‌ನ ಮುಂದಿನ ಪಾದ ಒಂದರ ಮೇಲೆ, ಹಿಂದಿನದು ಇನ್ನೊಂದರ ಮೇಲೆ ಇಟ್ಟು, ಸೆನ್ಸರ್ ಸಂದಿಯ ಬಟ್ಟೆಯನ್ನು ನೋಡುವಂತೆ ಮಾಡಿ. ಸಿಡಿ ಸಮೇತ ತಳ್ಳಿ. ಪಾಯಿಂಟರ್ ನಿಂತಲ್ಲೇ ಇದ್ದರೆ ಉತ್ತಮ. ಚಲಿಸಿದರೆ ಪ್ರತಿ ಸಲ ಎತ್ತುವಾಗಲೂ ಗುರಿ ಸ್ವಲ್ಪ ಸರಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಲಿಫ್ಟ್-ಆಫ್ ದೂರ (ಎಷ್ಟು ಎತ್ತಿದರೆ ಸೆನ್ಸರ್ ಸುಮ್ಮನಾಗುತ್ತದೆ ಎಂಬ ಅಳತೆ) ತಗ್ಗಿಸಲು ಬರುತ್ತದೆಯೇ ನೋಡಿ.

ಡಿಪಿಐ ನಿಜವೇ ಎಂದು ಪರೀಕ್ಷಿಸಲು ವಿಂಡೋಸ್‌ನಲ್ಲಿ ಪಾಯಿಂಟರ್ ವೇಗ ನಟ್ಟನಡುವೆ ಇಟ್ಟು, ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಆಫ್ ಮಾಡಿ. 800 ಡಿಪಿಐನಲ್ಲಿ 1920 ಪಿಕ್ಸೆಲ್ ಅಗಲದ ಪರದೆ ದಾಟಲು ಮೌಸ್ 61 ಮಿ.ಮೀ. ಸಾಗಬೇಕು. 58ಕ್ಕೇ ದಾಟಿದರೆ ಅದು ಸುಮಾರು 840 ಡಿಪಿಐ. ಕೆಟ್ಟದ್ದೇನಲ್ಲ, ಹಳೆ ಮೌಸ್‌ನ ಸೆನ್ಸಿಟಿವಿಟಿಯನ್ನು ಹಾಗೇ ತಂದರೆ ಮಾತ್ರ ಗುರಿ ದಾಟಿ ಹೋಗುತ್ತದೆ. ವೈರ್‌ಲೆಸ್ ಮೌಸ್ ನಡುನಡುವೆ ಎಡವಿದರೆ ಸೆನ್ಸರನ್ನು ಬೈಯುವ ಮುಂಚೆ, ಕಂಪ್ಯೂಟರ್‌ಗೆ ಸಿಕ್ಕಿಸುವ ರಿಸೀವರ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಪೋರ್ಟ್‌ಗಳ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ತರಂಗಕ್ಕೆ ಅಡ್ಡಬರುತ್ತದೆ. ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ರಿಸೀವರನ್ನು ಮೌಸ್ ಹತ್ತಿರ ತನ್ನಿ.

ಕೊನೆಗೆ ಎರಡು ಗಂಟೆ ಬಿಡದೆ ಆಟ. ಮುಗಿದ ಕೂಡಲೇ ಉಂಗುರ ಬೆರಳಿನ ಪಕ್ಕ ನೋಡಿ: ಕೆಂಪು ಗೆರೆ ಮೂಡಿದ್ದರೆ ಮೌಸ್ ಅಗಲ ಹೆಚ್ಚು, ಬಿಗಿಯಾಗಿ ಹಿಡಿದಿದ್ದೀರಿ. ಹೆಬ್ಬೆರಳ ಬುಡ ನೋಯುತ್ತಿದ್ದರೆ ಪಕ್ಕದ ಬಟನ್ ದೂರ. ಈ ಪರೀಕ್ಷೆ ಮುಗಿಯುವವರೆಗೆ ಡಬ್ಬವನ್ನೂ ಬಿಲ್ಲನ್ನೂ ಎಸೆಯಬೇಡಿ, ಕೈ ಜಾರದಂತೆ ಹಾಕುವ ಗ್ರಿಪ್ ಟೇಪನ್ನಂತೂ ಅಂಟಿಸಲೇಬೇಡಿ. ಅಂಟಿಸಿದ ಮೌಸನ್ನು ಅಂಗಡಿಯವರು ಸುಲಭಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲ.